ನೇಮಣ್ಣ ಕಾಕಾನ ಸೊಳ್ಳೆಪರದೆ

ಎದುರು ಮನೆಯವರು ಇವತ್ತು ಬೆಳಿಗ್ಗೆಯಿಂದ ಗೇಟಿಗೆ ಬಣ್ಣ ಹಚ್ಚಿಸುತ್ತಿದ್ದಾರೆ. ಟರ್ಪೆಂಟೈನ್ ವಾಸನೆ ರಸ್ತೆ ದಾಟಿ, ಕೇಳದೆ ಕರೆಯದೆ ನನ್ನ ಕಿಟಕಿಯೊಳಗೆ ಬಂದು ಕುಳಿತಿದೆ. ಕೆಲವರಿಗೆ ಈ ವಾಸನೆಯಿಂದ ತಲೆನೋವು ಬರುತ್ತದಂತೆ. ನನಗೆ ಹಸಿವಾಗುತ್ತದೆ. ನಗಬೇಡಿ, ನಿಜವಾಗಿಯೂ ಹಸಿವಾಗುತ್ತದೆ. ನನ್ನ ಮೂಗಿಗೆ ಈ ವಾಸನೆ ಮೊದಲ ಸಲ ಬಿದ್ದದ್ದು ಬಿಸಿ ರೊಟ್ಟಿಯ ಜೊತೆಗೆ, ಏಕಸಂಬಿಯ ನೇಮಣ್ಣ ಕಾಕಾನ ಹಿತ್ತಲಿನಲ್ಲಿ. ಅಲ್ಲಿ ಒಂದು ಮಗ್ಗುಲಿಗೆ ಕಾಕಿಯ ಒಲೆ, ಇನ್ನೊಂದು ಮಗ್ಗುಲಿಗೆ ಕಾಕಾನ ಬಣ್ಣದ ಡಬ್ಬಿಗಳು.

ನಾನು ಕಿಟಕಿಯ ಬಳಿ ಯಾಕೆ ಕುಳಿತಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು, ನನ್ನ ಎಡಗಾಲನ್ನು ಸಣಕಲು ಮಾಡಿ, ಬಲಗಾಲಿಗಿಂತ ಮೂರು ಬೆರಳು ಗಿಡ್ಡ ಮಾಡಿ ಹೋಯಿತು. ಇಷ್ಟು ವರ್ಷ ಹೇಗೋ ನನ್ನ ಜೊತೆ ಹೆಜ್ಜೆ ಹಾಕಿದ ಆ ಕಾಲು, ನಾನು ನಿವೃತ್ತಳಾದ ಮೇಲೆ ತಾನೂ ನಿವೃತ್ತಿ ತೆಗೆದುಕೊಂಡಿದೆ. ಚಿಕ್ಕೋಡಿಯ ಈ ಮನೆಯ ಹೊಸ್ತಿಲು ದಾಟಿ ಹೊರಗೆ ಕಾಲಿಡದೆ ಎಂಟು ತಿಂಗಳಾಯಿತು. ಬಂದವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ. ನಾನೂ ಮುಖ ಸಣ್ಣದು ಮಾಡಿಕೊಂಡು ಚಹಾ ಕೊಡುತ್ತೇನೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದರಲ್ಲೂ ಒಂದು ರುಚಿ ಇದೆ, ಸುಳ್ಳು ಯಾಕೆ ಹೇಳಲಿ.

ನಾನು ಹೇಳಹೊರಟದ್ದು ಎಂಬತ್ತರ ದಶಕದ ನಡುವಿನ ಮಾತು. ಆಗ ನಮ್ಮದು ಏಕಸಂಬಿಯಿಂದ ಎರಡೂವರೆ ಮೈಲಿ ಆಚೆ, ಕಬ್ಬಿನ ನಡುವೆ ತೋಟದ ಮನೆ. ಶಾಲೆಗಾಗಲಿ, ಮದುವೆಗಾಗಲಿ, ಚಿಕ್ಕೋಡಿಗೆ ಟೈಪಿಂಗ್ ಕಲಿಯಲು ಹೋಗುವಾಗ ಬಸ್ಸಿನ ತನಕವಾಗಲಿ, ಅಪ್ಪನ ಸೈಕಲ್ಲಿನ ಹಿಂದಿನ ಕ್ಯಾರಿಯರೇ ನನ್ನ ಸಿಂಹಾಸನ. ಇಪ್ಪತ್ತೆರಡು ವರ್ಷದವರೆಗೆ ನಾನು ಜಗತ್ತಿನಲ್ಲಿ ಅತಿ ಹೆಚ್ಚು ನೋಡಿದ್ದು ಅಪ್ಪನ ಬೆನ್ನು. ಎಡಕ್ಕೆ ಬಾಗಿದರೆ ಅರ್ಧ ರಸ್ತೆ ಕಾಣುತ್ತಿತ್ತು, ಬಲಕ್ಕೆ ಬಾಗಿದರೆ ಇನ್ನರ್ಧ. ಹೆಚ್ಚು ಬಾಗಿದರೆ ಅಪ್ಪ ಬೈಯುತ್ತಿದ್ದ.

ಆ ವರ್ಷ ಏಕಸಂಬಿಯ ಒಂದು ಸೊಸೈಟಿಯಲ್ಲಿ ಟೈಪಿಸ್ಟ್ ಕೆಲಸಕ್ಕೆ ನನಗೆ ಆರ್ಡರ್ ಬಂತು. ಆಷಾಢದ ಒಂದು ಸೋಮವಾರ ಹಾಜರಾಗಬೇಕು, ತಪ್ಪಿದರೆ ಮುಂದಿನ ಹೆಸರಿನವರಿಗೆ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ, ಒಂದೇ ಕಾಲಾದರೂ. ಅಪ್ಪ ಮಾತ್ರ ಆ ಕಾಗದವನ್ನು ಯಾರೋ ಸತ್ತ ಸುದ್ದಿ ಓದಿದ ಹಾಗೆ ಓದಿದ. ಕಬ್ಬಿಗೆ ನೀರು ಬಿಡುವುದು ಕರೆಂಟು ಬಂದಾಗ, ಕರೆಂಟು ಬರುವುದು ತನಗೆ ತಿಳಿದಾಗ. ದಿನಕ್ಕೆರಡು ಸಲ ಮಗಳನ್ನು ಹೊತ್ತು ತಿರುಗಲು ಅವನಿಗೆ ಆಗುತ್ತಿರಲಿಲ್ಲ. ನಾನು ನನಗೊಂದು ಸೈಕಲ್ಲು ಬೇಕು ಎಂದು ಹಟ ಹಿಡಿದೆ. ಮೂರು ದಿನ ನನ್ನ ಬಾಯಿ ಕೇಳಿ ಕೇಳಿ ಅಪ್ಪ ಸೋತ.

"ಆತು ಮಾರಾಯ್ತಿ, ದಸ್ತಗೀರ ಮಿಸ್ತ್ರಿಗಿ ಹೇಳ್ತೀನಿ. ಆದ್ರ ಒಂದ ಮಾತ. ಆ ಸೋಮವಾರದೊಳಗ ಗಾಡಿ ತಯಾರ ಆಗಿ ನಿಂತಿದ್ರ ಹೋಗು. ಇಲ್ಲಾಂದ್ರ ಬರೂದಿಲ್ಲಂತ ನೀನ ಕಾಗದಾ ಬರೀಬೇಕು."

"ಬರೀತೀನಿ" ಎಂದೆ. ಮನಸ್ಸಿನಲ್ಲಿ, ನನ್ನ ಹೆಣ ಬರೆಯುತ್ತದೆ ಎಂದುಕೊಂಡೆ.

ಅಂಗಡಿಯ ಲೇಡೀಸ್ ಸೈಕಲ್ಲು ಎರಡು ಕಾಲು ಸಮ ಇರುವ ಹೆಂಗಸರಿಗಾಗಿ ಮಾಡಿದ್ದು. ಚಿಕ್ಕೋಡಿಯ ದಸ್ತಗೀರ ಮಿಸ್ತ್ರಿ ಹಳೆಯ ಫ್ರೇಮುಗಳ ಕೊಳವೆ ಕೊಯ್ದು, ಸಂದಿಗೆ ಹಿತ್ತಾಳೆ ಕರಗಿಸಿ ಬೆಸೆದು, ಆಳಿಗೆ ತಕ್ಕ ಹೊಸ ಫ್ರೇಮು ಕಟ್ಟುತ್ತಿದ್ದರು. ಪರ ಹೆಣ್ಣುಮಗಳ ಕಾಲಿನ ಅಳತೆ ಅವರು ಹೇಗೆ ತೆಗೆದುಕೊಳ್ಳಬೇಕು? ಅದಕ್ಕೆ ಅವರು ಅಪ್ಪನ ಕೈಯಲ್ಲಿ ಒಂದು ನೂಲಿನ ಉಂಡೆ ಕೊಟ್ಟು ಕಳಿಸಿದರು. ಅವ್ವ ನನ್ನನ್ನು ಜೋಳದ ಚೀಲದ ಮೇಲೆ ಸೈಕಲ್ಲಿನ ಸೀಟಿನಂತೆ ಕೂರಿಸಿ, ಬಲಗಾಲಿಗೊಂದು ಗಂಟು, ಎಡಗಾಲಿಗೊಂದು ಗಂಟು ಹಾಕಿ, ಎಡದ ಗಂಟಿಗೆ ಗುರುತಾಗಿ ಅರಿಸಿನ ಹಚ್ಚಿ ಕಳಿಸಿದಳು. ಆ ನೂಲನ್ನು ಗೋಡೆಯ ಮೊಳೆಗೆ ತೂಗಿ ಹಾಕಿಕೊಂಡು, ಮಿಸ್ತ್ರಿ ಹತ್ತು ದಿನದಲ್ಲಿ ಫ್ರೇಮು ಕಟ್ಟಿದರು. ಮೇಲಿನ ಕೊಳವೆ ತಗ್ಗಿಗೆ, ಎಡಗಡೆಯ ಪೆಡಲಿನ ಮೇಲೆ ಮೂರು ಬೆರಳು ದಪ್ಪದ ಕಟ್ಟಿಗೆಯ ತುಂಡು. ಬರೀ ಕಬ್ಬಿಣದ ಆ ಗಾಡಿಯ ಮೇಲೆ ನಮ್ಮ ಕಣದಲ್ಲಿ ಮೂರು ದಿನ ಸುತ್ತು ಹಾಕಿ ಕಲಿತೆ. ಎರಡು ಸಲ ಬಿದ್ದೆ. ಅಪ್ಪ ಎರಡು ಸಲವೂ ನನಗಿಂತ ಮೊದಲು ಕಿರುಚಿದ.

ಇನ್ನು ಉಳಿದದ್ದು ಬಣ್ಣ. ನಮ್ಮ ಕಡೆ ಸೈಕಲ್ಲಿಗೆ ಬಣ್ಣ ಅಂದರೆ ನೇಮಣ್ಣ ಕಾಕಾ. ರಾಯಬಾಗದಿಂದ, ಅಥಣಿಯಿಂದ ಕೂಡ ಜನ ಫ್ರೇಮು ಹೊತ್ತು ತರುತ್ತಿದ್ದರು. ಅವರು ಹಚ್ಚಿದ ಬಣ್ಣದ ಮೇಲೆ ಕೈಯಾಡಿಸಿದರೆ ಒಂದು ಕಾಳಿನಷ್ಟು ಗಂಟಿಲ್ಲ, ಧೂಳಿಲ್ಲ. ಗಂಡಸರು ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದುತ್ತಿದ್ದರು. ಕಾಕಾನಿಗೂ ಅದರ ಹಮ್ಮು ಕಡಿಮೆ ಇರಲಿಲ್ಲ. "ಕಂಪನಿ ಬಣ್ಣಾ ಅಂದ್ರ ಮದುವಿ ಮನಿ ಪೌಡರ್ ಇದ್ಹಂಗ, ಬೆವರ ಬಂತಂದ್ರ ಹೋತು" ಅನ್ನುತ್ತಿದ್ದರು. ಅದೇನೋ ಗುಟ್ಟಿನ ವಾರ್ನಿಶ್ ಕಾಸುತ್ತಾರೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಅಲ್ಲಿಗೆ ಹೋಗಿ ನೋಡಿದ ಮೇಲೆ ಗೊತ್ತಾಯಿತು, ಗುಟ್ಟು ಇದ್ದದ್ದು ಒಂದು ಹಳೆಯ ಸೊಳ್ಳೆಪರದೆಯಲ್ಲಿ.

ಕಾಕಾ ಜೈನರು, ಅದೂ ಬಾಯಿಮಾತಿನ ಜೈನರಲ್ಲ. ಹಸಿ ಬಣ್ಣಕ್ಕೆ ಹುಳ ಅಂಟಿ ಸಾಯುತ್ತದೆ, ಆ ಪಾಪ ತನಗೆ ಬೇಡ ಎಂದು ಅವರು ಫ್ರೇಮನ್ನು ಸೊಳ್ಳೆಪರದೆಯೊಳಗೆ ನೇತುಹಾಕಿ, ತಾವೂ ಪರದೆಯೊಳಗೆ ಹೊಕ್ಕು, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ ಮಾತ್ರ ಬಣ್ಣ ಹಚ್ಚುತ್ತಿದ್ದರು. ಆಗ ಗಾಳಿಯಲ್ಲಿ ಹುಳ ಕಡಿಮೆ. ಹುಳ ಬಾರದ ಕಡೆ ಧೂಳೂ ಬರುತ್ತಿರಲಿಲ್ಲ ಅನ್ನಿ. ತಗ್ಗುದಿಣ್ಣೆ ಮುಚ್ಚಿ ನುಣುಪು ಮಾಡುವ ಲೇಪವನ್ನು ಸೀಮೆಸುಣ್ಣದ ಪುಡಿ, ಅಗಸಿ ಎಣ್ಣೆ ಕಲಸಿ ತಾವೇ ಮಾಡುತ್ತಿದ್ದರು. ಅರಗು ಹುಳದಿಂದ ಬರುತ್ತದೆ, ಬೇಡ. ಪ್ರಾಣಿಯ ಕೂದಲಿನ ಕುಂಚ ಬೇಡ. ಸಣ್ಣ ಗೆರೆ ಎಳೆಯುವ ಕುಂಚವನ್ನು ಕಾಕಿಯ ಬಾಚಣಿಗೆಯಲ್ಲಿ ಉದುರಿದ ಕೂದಲಿಂದ ಕಟ್ಟುತ್ತಿದ್ದರು. ಕಾಕಿಗೆ ವಯಸ್ಸಾಗಿ ಕೂದಲು ಬೆಳ್ಳಗೆ, ಒರಟಾಗಿತ್ತು. ನನ್ನ ಜಡೆ ನೋಡಿ ಕಾಕಾ, "ತಂಗಿ, ಬಾಚಿದ ಮ್ಯಾಲ ಉದುರಿದ್ದ ಒಗೀಬ್ಯಾಡ, ನನಗ ತಂದ ಕೊಡು. ನಿನ್ನ ಗಾಡಿಗಿ ನಿನ್ನ ಕೂದಲಲೇ ಗೆರಿ ಎಳೀತೀನಿ" ಅಂದರು. ಊರಲ್ಲೆಲ್ಲ ಕೂದಲು ಮಾಟಕ್ಕೆ ಹೋಗುತ್ತದೆಂದು ಹೆದರುವ ಅವ್ವ ಇದೊಂದಕ್ಕೆ ಮಾತ್ರ ಒಪ್ಪಿದಳು.

ಚಾತುರ್ಮಾಸ ಶುರುವಾದ ಮೇಲೆ ನಾಲ್ಕು ತಿಂಗಳು ಅವರು ಬಣ್ಣ ಮುಟ್ಟುವವರಲ್ಲ, ಮಳೆಗಾಲದಲ್ಲಿ ಜೀವರಾಶಿ ಹೆಚ್ಚು. ಆ ವರ್ಷ ಅದು ಶುರುವಾಗುವುದು ನಾನು ಹಾಜರಾಗಬೇಕಾದ ಸೋಮವಾರದ ಮರುದಿನ. "ಚಿಂತಿ ಮಾಡಬ್ಯಾಡ, ಅದರೊಳಗ ಮುಗಸ್ತೀನಿ" ಎಂದರು. ಬಣ್ಣ ಯಾವುದು ಎಂದು ಕೇಳಿದರು. ಮೋರಪಂಖಿ ಎಂದೆ. ಆಗ ನಮ್ಮ ಕಡೆ ಆ ನವಿಲುಗರಿಯ ಬಣ್ಣದ ಸೀರೆ ಉಡದ ಹೆಣ್ಣು ಇರಲಿಲ್ಲ. ಕಾಕಾ ಮೂರು ಡಬ್ಬಿ ಬೆರೆಸಿ, ಅಂಗೈ ಮೇಲೆ ಹಚ್ಚಿ ಹಚ್ಚಿ ತೋರಿಸಿದರು. ನಾನು ನಾಲ್ಕು ಸಲ ಅಲ್ಲ ಅಂದೆ. ಐದನೆಯದಕ್ಕೆ ಅವರೇ, "ಇದs ಮೋರಪಂಖಿ, ನವಿಲ ಬಂದ ಅಲ್ಲಾ ಅಂದ್ರೂ ನಾ ಕೇಳೂದಿಲ್ಲ" ಅಂದರು.

ಕೊನೆಯ ಕೈ ಬಣ್ಣ ಬಿದ್ದದ್ದು ಬುಧವಾರ ಮಧ್ಯಾಹ್ನ. ಸೋಮವಾರಕ್ಕೆ ಇನ್ನೂ ಐದು ದಿನ. ಗೊಬ್ಬರದ ಕೆಲಸಕ್ಕೆ ಊರಿಗೆ ಹೊರಟಿದ್ದ ಅಪ್ಪನ ಬೆನ್ನು ಹತ್ತಿ ನಾನೂ ಹೋದೆ. ಸಂಜೆ ಅವನು ನನ್ನನ್ನು ಕಾಕಾನ ಮನೆಯಲ್ಲಿ ಇಳಿಸಿ ತನ್ನ ಕೆಲಸಕ್ಕೆ ಹೋದ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ್ದರಿಂದ ಕಾಕಾ ಒಳಗೆ ತಾಟಿನ ಮುಂದೆ ಕುಳಿತಿದ್ದರು. ಆಗಷ್ಟೇ ಒಂದು ಜಡಿಮಳೆ ಹೊಡೆದು ನಿಂತಿತ್ತು. ಮೋಡ ಕವಿದು ಹಿತ್ತಲಿನ ಕೊಟ್ಟಿಗೆಯಲ್ಲಿ ಕತ್ತಲು. ಪರದೆಯೊಳಗೆ ನನ್ನ ಗಾಡಿ ಎಂಬುದು ಬರೀ ಒಂದು ಕರಿಯ ನೆರಳು. ನನಗೆ ಬಣ್ಣ ನೋಡದೆ ಇರಲಾಗಲಿಲ್ಲ. ನೀವಾಗಿದ್ದರೆ ಇರುತ್ತಿದ್ದಿರಾ? ಗೋಡೆಯ ಮೇಲೆ ಒಂದು ಗುಂಡಿ ಇತ್ತು. ಒತ್ತಿದೆ. ನೆತ್ತಿಯ ಮೇಲೆ ಬಲ್ಬು ಹತ್ತಿತು. ಪರದೆ ಎತ್ತಿ ಮೇಲೆ ಸಿಕ್ಕಿಸಿದೆ.

ಅಬ್ಬಬ್ಬಾ, ಏನು ಬಣ್ಣ ಅಂತೀರಿ! ನನ್ನದು, ನನ್ನೊಬ್ಬಳದೇ. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಕಾಕಿ, "ಯಾರವಾ ಅದು, ಬಾ ಒಳಗ, ಮಜ್ಜಗಿ ಕುಡಿ" ಎಂದು ಕೂಗಿದರು. ಹೋದೆ. ಹೋದವಳು ನನ್ನ ಬಾಯಿಗೆ ತಕ್ಕ ಹಾಗೆ ಮಾತಿಗೆ ಕುಳಿತೆ. ಬಲ್ಬು ಉರಿಯುತ್ತಿತ್ತು, ಪರದೆ ಎತ್ತಿದ್ದಲ್ಲೇ ಇತ್ತು. ಮಳೆ ನಿಂತ ಸಂಜೆ ಮಳೆಹುಳುಗಳು ನೆಲದಿಂದ ಎದ್ದು ಬೆಳಕಿದ್ದ ಕಡೆ ನುಗ್ಗುತ್ತವೆ ಎಂಬುದು ನಮ್ಮ ಹೊಲದ ಎತ್ತಿಗೂ ಗೊತ್ತು. ನನಗೆ ನೆನಪಾಗಲಿಲ್ಲ.

ಕಾಕಾ ಕೈತೊಳೆಯಲು ಹಿತ್ತಲಿಗೆ ಹೋದವರು ಅಲ್ಲಿಂದಲೇ, "ಲೈಟ ಯಾರ ಹಚ್ಚಿದ್ರು?" ಎಂದರು. ಕುಂಟುತ್ತ ಹೋಗಿ ನೋಡಿದರೆ, ಮೋರಪಂಖಿಯ ಮೇಲೆಲ್ಲ ರೆಕ್ಕೆಗಳು. ನೂರಾರು ಹುಳ ಅಂಟಿಕೊಂಡು, ಕೆಲವು ಇನ್ನೂ ಕಾಲಾಡಿಸುತ್ತಿದ್ದವು.

"ನಾ ರೀ ಕಾಕಾ" ಎಂದೆ.

ಅವರು ಬೈಯಲಿಲ್ಲ. ದೀಪ ಆರಿಸಿದರು. ಫ್ರೇಮನ್ನು ಪಡಸಾಲೆಯ ಉಳಿದ ಬೆಳಕಿಗೆ ತಂದು, ಕಸಬರಿಗೆಯ ಒಂದು ಕಡ್ಡಿಯನ್ನು ಎಳ್ಳೆಣ್ಣೆಯಲ್ಲಿ ಅದ್ದಿ, ಜೀವ ಇದ್ದ ಒಂದೊಂದನ್ನೇ ಬಿಡಿಸಿ ಕೆಸುವಿನ ಎಲೆಯ ಮೇಲೆ ಇಡತೊಡಗಿದರು. ನನಗೆ ಆಗ ಬರಬೇಕಾದದ್ದು ನಾಚಿಕೆ, ಬಂದದ್ದು ಸಿಟ್ಟು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ವಾಸ, ಕರೆಯುವುದೇ ಬೇಡ.

"ಕಾಕಾ, ಹುಳಾ ಆಮ್ಯಾಲ ನೋಡ್ರಿ. ನನ್ನ ಗಾಡಿದೇನ ಆತು ಮೊದಲ ಹೇಳ್ರಿ. ಈ ಹುಳದ ಸಲುವಾಗಿ ನನ್ನ ನೌಕರಿ ಹೋಗಬೇಕೇನು?"

ಅವರು ಕಡ್ಡಿಯಿಂದ ಕಣ್ಣೆತ್ತದೆ ಹೇಳಿದರು: "ನಿನ್ನ ನೌಕರೀನೂ ಹೋಗಬಾರದು, ಇವುಗಳ ಜೀಂವಾನೂ ಹೋಗಬಾರದಿತ್ತು. ಎರಡೂ ನನ್ನ ಕೈಯಾಗ ಕೊಟ್ಟಿದ್ರಿ. ನಾ ಆ ಬಲ್ಬ ಬಿಚ್ಚಿಡಬೇಕಾಗಿತ್ತು, ತಂಗಿ. ತಪ್ಪ ನಂದು."

ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದ. ನೋಡಿದ. ಎಲ್ಲ ಕೆರೆದು ಮತ್ತೆ ಮೊದಲಿನಿಂದ ಹಚ್ಚಲು ಹತ್ತು ದಿನ ಬೇಕು, ಅಷ್ಟರಲ್ಲಿ ಚಾತುರ್ಮಾಸ ಕೂಡುತ್ತದೆ, ಇನ್ನು ಕಾರ್ತಿಕ ಮುಗಿದ ಮೇಲೆಯೇ ಬಣ್ಣ ಎಂದು ಕಾಕಾ ಹೇಳಿದರು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡವಾ. ಮನ್ಯಾಗ ನಿನಗ ಏನ ಕಡಿಮಿ ಐತಿ?" ಅಂದ. ದನಿಯಲ್ಲಿ ಮರುಕ ಇತ್ತು, ಸುಳ್ಳಲ್ಲ. ಆದರೆ ಅವನ ಮುಖದ ಮೇಲೆ ನಾನು ನೆಮ್ಮದಿ ಕಂಡೆ. ಜ್ವರ ಇಳಿದವನ ಮುಖದಲ್ಲಿ ಇರುತ್ತದಲ್ಲ, ಅಂಥ ನೆಮ್ಮದಿ. ತಾನು ಬೇಡ ಅನ್ನದೆಯೇ ಎಲ್ಲ ತಾನಾಗಿ ನಿಂತುಹೋಯಿತು, ಮಗಳು ಬೀಳುವುದಿಲ್ಲ, ರಸ್ತೆಯಲ್ಲಿ ಯಾರೂ ನಗುವುದಿಲ್ಲ ಎಂಬ ನೆಮ್ಮದಿ. ಅಪ್ಪ ನನ್ನನ್ನು ಪ್ರಾಣದಂತೆ ಪ್ರೀತಿಸುತ್ತಿದ್ದ. ಆ ಕ್ಷಣದಲ್ಲಿ ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಹುಳುಗಳ ಮೇಲೂ ಬಂದಿರಲಿಲ್ಲ.

"ಕಾಕಾ, ಬಣ್ಣಾ ಇಲ್ಲದ ಗಾಡಿ ಓಡೂದಿಲ್ಲೇನ್ರಿ?" ಎಂದು ಕೇಳಿದೆ. ಕಣದಲ್ಲಿ ಮೂರು ದಿನ ಓಡಿಸಿದವಳು ನಾನೇ.

"ಓಡತೈತಿ. ಜಂಗ ಹಿಡೀತೈತಿ, ಅಷ್ಟs."

"ಬಣ್ಣಾ ಇಲ್ಲದ ಗಾಡಿ ಮ್ಯಾಲ ನಮ್ಮ ಮನಿ ಹುಡುಗಿ ಹೋದ್ರ ನೋಡಿದವ್ರು ಏನಂದಾರು?" ಎಂದ ಅಪ್ಪ.

"ಕುಂಟಿ ಹೊಂಟಾಳ ಅಂತಾರ. ಬಣ್ಣಾ ಇದ್ರೂ ಅದನ್ನs ಅಂತಾರ" ಎಂದೆ. ಕಾಕಾ ಆ ಸಂಜೆ ಮೊದಲ ಸಲ ನನ್ನ ಮುಖ ನೋಡಿದರು. ನೋಡಿ, ನಾಳೆ ಬೆಳಿಗ್ಗೆ ಬಾ, ಕೆರೆಯಲು ಕೈ ಬೇಕು ಅಂದರು.

ಗುರುವಾರ ಕಾಕಾನಿಗೆ ಆ ಹುಳುಗಳ ಸಲುವಾಗಿ ಉಪವಾಸ. ನೀರು ಕೂಡ ಒಂದೇ ಸಲ. ತಪ್ಪು ನನ್ನದು, ನಾನೂ ಮಾಡುತ್ತೇನೆ ಎಂದು ಬೆಳಿಗ್ಗೆ ದೊಡ್ಡ ದನಿಯಲ್ಲಿ ಸಾರಿದೆ. ಇಬ್ಬರೂ ಕೂತು ಮೋರಪಂಖಿಯನ್ನು ಕೆರೆದೆವು. ಮಧ್ಯಾಹ್ನ ಟರ್ಪೆಂಟೈನಿನ ವಾಸನೆಯ ನಡುವಿನಿಂದ ಕಾಕಿಯ ರೊಟ್ಟಿಯ ವಾಸನೆ ಬಂತು ನೋಡಿ, ನನ್ನ ವ್ರತ ಅಲ್ಲಿಗೆ ಮುಗಿಯಿತು. ಎರಡು ರೊಟ್ಟಿ, ಪುಂಡಿಪಲ್ಯ. ಕಾಕಾ ನಕ್ಕು, "ಉಣ್ಣು, ಉಣ್ಣು, ಕೆರಿಯಾಕ ಶಕ್ತಿ ಬೇಕು" ಅಂದರು. ಶುಕ್ರವಾರ ಪರದೆಯೊಳಗೆ ಕೆಂಪು ಅಸ್ತರು, ಅಂದರೆ ತಳಬಣ್ಣ, ಒಂದೇ ಕೈ ಹಚ್ಚಿದರು, ತುಕ್ಕು ತಡೆಯಲು. ಭಾನುವಾರ ದಸ್ತಗೀರ ಮಿಸ್ತ್ರಿ ಬಂದು ಗಾಲಿ, ಸರಪಳಿ ಜೋಡಿಸಿದರು. ಇಟ್ಟಂಗಿಯಂಥ ಕೆಂಪು, ಹೊಳಪಿಲ್ಲ, ಗೆರೆಯಿಲ್ಲ. ಅದರ ಮೇಲೆ ಕಾಕಾ ಒಂದು ಅಗಸಿ ಎಣ್ಣೆಯ ಅರಿವೆ ಕಟ್ಟಿ, "ವಾರಕ್ಕೊಮ್ಮಿ ತಿಕ್ಕು" ಅಂದರು.

ಸೋಮವಾರ ಬೆಳಿಗ್ಗೆ ನಾನು ಹೊರಟೆ. ಅಪ್ಪ ತನ್ನ ಸೈಕಲ್ಲಿನಲ್ಲಿ ಇಪ್ಪತ್ತು ಮಾರು ಹಿಂದೆ. ನಾನು ತಿರುಗಿ ನೋಡಿದರೆ ಅವನು ಕಬ್ಬು ನೋಡುವವನ ಹಾಗೆ ಮುಖ ಆಚೆ ಮಾಡುತ್ತಿದ್ದ. ಕಾಲುವೆಯ ಹತ್ತಿರ ಸರಪಳಿ ಕಳಚಿತು. ಅಪ್ಪ ಓಡಿ ಬಂದ. "ಮುಟ್ಟಬ್ಯಾಡ" ಎಂದೆ. ಕೆಸರಿನಲ್ಲಿ ಕೂತು ಹಾಕಿದೆ, ಹತ್ತು ನಿಮಿಷ ಹಿಡಿಯಿತು. ಅಪ್ಪ ನಿಂತು ನೋಡಿದ, ಕೈ ಕಟ್ಟಿಕೊಂಡು. ಆ ಕೈಗಳನ್ನು ಕಟ್ಟಿ ನಿಲ್ಲಿಸಿಕೊಳ್ಳಲು ಅವನಿಗೆ ಎಷ್ಟು ಕಷ್ಟವಾಗಿರಬೇಕು ಎಂದು ಈಗ ಅರ್ಥವಾಗುತ್ತದೆ. ನಾನು ಮತ್ತೆ ಹತ್ತಿದಾಗ ಅವನು ಹಿಂದೆ ಬರಲಿಲ್ಲ. ಮೊದಲ ಸಲ ನನ್ನ ಕಣ್ಣ ಮುಂದೆ ಯಾರ ಬೆನ್ನೂ ಇರಲಿಲ್ಲ. ಇಡೀ ರಸ್ತೆ ಇತ್ತು. ಸೊಸೈಟಿಯ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗ ಗ್ರೀಸಿನ ಕೈಯಿಂದ ಆ ಪುಟವನ್ನೆಲ್ಲ ಕರಿ ಮಾಡಿದೆ. ಸೆಕ್ರೆಟರಿ ಕಣ್ಣರಳಿಸಿ, "ಟೈಪಿಸ್ಟ್ ಕೇಳಿದ್ವಿ, ಫಿಟರ್ ಕಳಸ್ಯಾರಲ್ರೀ" ಅಂದರು.

ನಾಲ್ಕು ತಿಂಗಳು ಆ ಕೆಂಪು ಗಾಡಿಯ ಮೇಲೆ ತಿರುಗಿದೆ. ಮೈಯೆಲ್ಲ ಅಗಸಿ ಎಣ್ಣೆಯ ವಾಸನೆ. ಆಫೀಸಿನವರು ನನ್ನನ್ನು ಗಾಣದಕ್ಕ ಎಂದು ಕರೆದರು. ಕಣದ ಸಪಾಟು ನೆಲದಲ್ಲಿ ತಿಳಿಯದ ಒಂದು ಸಂಗತಿಯೂ ಆಗ ತಿಳಿಯಿತು: ಏರು ಬಂದಾಗ ನನ್ನ ಎಡ ಮೊಣಕಾಲು ಮೇಲಿನ ಕೊಳವೆಗೆ ಬಡಿಯುತ್ತಿತ್ತು, ನೀಲಿಗಟ್ಟಿತ್ತು. ದಸರೆಯ ಹೊತ್ತಿಗೆ ದಸ್ತಗೀರ ಮಿಸ್ತ್ರಿ ಆ ಸಂದಿ ಕಾಸಿ ಬಿಡಿಸಿ, ಎರಡು ಬೆರಳು ತಗ್ಗಿಸಿ ಮತ್ತೆ ಬೆಸೆದರು. "ಬಣ್ಣಾ ಹಚ್ಚಿದ್ರ ನಾ ಇದಕ್ಕ ಬೆಂಕಿ ಹಿಡೀತಿದ್ದಿಲ್ಲ ಬೇಟಿ. ನೇಮಣ್ಣನ ಕೆಲಸಾ ಸುಡಾಕ ಮನಸ ಬರ್ತದೇನು? ನೀನೂ ಮೊಣಕಾಲ ಬಡಿಸ್ಕೋತನs ಇರ್ತಿದ್ದಿ" ಅಂದರು. ನಾನು ಆ ಮಾತನ್ನು ಕಾಕಾನಿಗೆ ಹೇಳಿದೆ. ಅವರು ಹಿಗ್ಗಲಿಲ್ಲ. "ಹಂಗಂತ ಹುಳಾ ಸತ್ತದ್ದ ಛಲೋ ಆತು ಅನಬ್ಯಾಡ" ಎಂದರು.

ಕಾರ್ತಿಕ ಕಳೆದ ಮೇಲೆ ಮೋರಪಂಖಿ ಬಿತ್ತು, ಪೂರ್ತಿ ಹದಿನೈದು ದಿನ ತೆಗೆದುಕೊಂಡು. ಕೊನೆಗೆ ನನ್ನ ಕೂದಲಿನ ಕುಂಚದಿಂದ, ಉಸಿರು ಬಿಗಿಹಿಡಿದು, ಬಂಗಾರ ಬಣ್ಣದ ಜೋಡಿ ಗೆರೆ ಎಳೆದರು. ಮರುವರ್ಷ ಅಥಣಿಯ ಒಂದು ಮದುವೆಯಲ್ಲಿ ಅಪ್ಪ, "ನಮ್ಮ ಹುಡುಗಿ ಗಾಡಿ ನೋಡೀರೇನು? ಅಂಥಾದ್ದ ಈ ಸೀಮ್ಯಾಗ ಎರಡನೇದ್ದಿಲ್ಲ" ಎಂದು ಬೀಗರ ತಲೆ ತಿನ್ನುತ್ತಿದ್ದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಆ ಗಾಡಿ ಮೂವತ್ತು ವರ್ಷ ದುಡಿಯಿತು. ಅಪ್ಪ, ಕಾಕಾ, ಮಿಸ್ತ್ರಿ, ಮೂವರೂ ಈಗ ಇಲ್ಲ.

ಈ ಕಥೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಅದರಲ್ಲಿ ನಾನೇ ವೀರೆ. ಇವತ್ತು ಬರೆಯುತ್ತ ಕುಳಿತಾಗ ಮಾತ್ರ ಅಪ್ಪನ ಆ ಮಾತಿನ ಹತ್ತಿರ ಬಂದು ಪೆನ್ನು ನಿಂತಿತು. ಯಾಕೆಂದರೆ ಹೋದ ತಿಂಗಳು ಅದೇ ಮಾತನ್ನು ನಾನು ಆಡಿದ್ದೇನೆ. ನನ್ನ ತಮ್ಮನ ಮಗಳು ಬಂದು, ನಿಪ್ಪಾಣಿಯಲ್ಲಿ ಒಬ್ಬರು ಸ್ಕೂಟರಿಗೆ ಹಿಂದೆ ಎರಡು ಗಾಲಿ ಕೂಡಿಸಿ ಕಾಲಿಲ್ಲದವರಿಗೂ ಓಡಿಸಲು ಬರುವ ಹಾಗೆ ಮಾಡಿಕೊಡುತ್ತಾರೆ, ಹೋಗಿ ನೋಡೋಣ ಅತ್ತೆ, ಎಂದಳು. "ಈ ವಯಸ್ಸಿನಾಗ ನೋಡಿದವ್ರು ಏನಂದಾರು? ಮನ್ಯಾಗ ನನಗೇನ ಕಡಿಮಿ ಐತಿ?" ಅಂದೆ. ಆಕೆ ಪೆಚ್ಚಾಗಿ ಹೋದಳು. ಆಕೆ ಹೋದ ಮೇಲೆ ನನಗೆ ಆದದ್ದು ಬೇಸರವಲ್ಲ. ನೆಮ್ಮದಿ. ಆಗ ನನ್ನ ಮುಖ ಹೇಗಿತ್ತು ಎಂದು ನೋಡಲು ಕನ್ನಡಿ ಬೇಕಿಲ್ಲ, ಅದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ.

ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ ಫೋನು ಹಚ್ಚಿದೆ. "ನಿಪ್ಪಾಣಿಗಿ ಯಾವಾಗ ಹೋಗೂದು?" ಎಂದೆ. ಆ ಕಡೆಯಿಂದ ಹುಡುಗಿಯ ನಗು, ಗದ್ದಲ, ನಾಳೆಯೇ ಹೋಗೋಣ, ಹಾಗೆ ಮಾಡೋಣ, ಹೀಗೆ ಮಾಡೋಣ.

"ಅತ್ತಿ, ಈಗs ಹೇಳಿ ಇಡ್ತೀನಿ, ಬಣ್ಣಾ ಯಾವದಿರಲಿ?"

"ಬಣ್ಣಾ ಆಮ್ಯಾಲ" ಎಂದೆ. "ಮೊದಲ ಓಡ್ಸಿ ನೋಡ್ತೀನಿ."